ಬಳ್ಳಾರಿಯಲ್ಲಿ ಸಿಗುವ ಪ್ರಶ್ನೆಪತ್ರಿಕೆ ಕರ್ನೂಲಿನಲ್ಲೇಕೆ ಸಿಗದು?



ಶಾಲೆ ತೆರೆಯುವ ಜೂನ್ ತಿಂಗಳು ಬಂತೆಂದರೆ ಪತ್ತಿಕೊಂಡದ ಬಸ್ ನಿಲ್ದಾಣದಲ್ಲಿ, ಆಲೂರಿನ ಸಂತೆಯಲ್ಲಿ, ಹೊಳಗುಂದದ ಚಹಾ ಅಂಗಡಿಯ ಮುಂದೆ ಒಂದೇ ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. "ಸಾರ್, ಹುಡುಗಿ ಸೈನ್ಸಿನಾಗ ಚಲೋ ಅದಾಳ. ಡಾಕ್ಟ್ರೋ ನರ್ಸೋ ಆಗ್ತೀನಿ ಅಂತಾಳ. ಕನ್ನಡದಾಗ ಓದಿದ್ರ ಆಗ್ತದೇನ್ರಿ? ಈಗಲೇ ಇಂಗ್ಲಿಷ್ ಇಸ್ಕೂಲಿಗೆ ಹಾಕಿಬಿಡ್ಲೇನು?"

ಕನ್ನಡ ಮಾಧ್ಯಮದ ಮಕ್ಕಳಿಗೆ ಹಲವು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಕೇಳಿದವರಿಗೆಲ್ಲ "ಆಗುತ್ತದೆ" ಎಂದೇ ಹೇಳುತ್ತ ಬಂದಿದ್ದೇನೆ. ಸುಳ್ಳು ಹೇಳಿಲ್ಲ. ಆದರೆ ಪೂರ್ತಿ ನಿಜವನ್ನೂ ಹೇಳಿಲ್ಲ. ಆ ಉಳಿದ ನಿಜವನ್ನು ಇಂದು ನಿಮ್ಮ ಮುಂದೆ ಇಡಬೇಕಾಗಿದೆ. ಏಕೆಂದರೆ ಅದನ್ನು ಮುಚ್ಚಿಟ್ಟಷ್ಟೂ ನೀವು ತಪ್ಪು ಕಡೆಗೆ ಸಿಟ್ಟಾಗುತ್ತೀರಿ. ನಿಮ್ಮ ಮಗಳಿಗೆ ಅಡ್ಡ ಬರುತ್ತಿರುವುದು ಕನ್ನಡವಲ್ಲ. ಕನ್ನಡದ ಮಗುವೊಂದು ಕರ್ನಾಟಕದ ಆಚೆಗೂ ಇದ್ದೀತು ಎಂಬುದನ್ನೇ ಮರೆತು ಬರೆದ ನಿಯಮಗಳು.

ಆಂಧ್ರ ಪ್ರದೇಶದಲ್ಲಿ ಹತ್ತನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹೃದಯದ ಕವಾಟಗಳನ್ನು, ಮೂತ್ರಪಿಂಡದ ರಚನೆಯನ್ನು, ರಕ್ತದ ಗುಂಪುಗಳನ್ನು ನಮ್ಮ ಮಕ್ಕಳು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆದು, ತೇರ್ಗಡೆಯಾಗಿ ಹೊರಗೆ ಬರುತ್ತಾರೆ. ಆ ಅಂಕಪಟ್ಟಿ ಕೈಗೆ ಬಂದ ಮರುದಿನದಿಂದ ಸರಕಾರದ ಲೆಕ್ಕದಲ್ಲಿ ಈ ಮಗುವಿಗೆ ಕನ್ನಡ ಬರುತ್ತಿತ್ತೆಂಬ ಸಂಗತಿಯೇ ಅಳಿಸಿಹೋಗುತ್ತದೆ.

ವೈದ್ಯಕೀಯ ಪ್ರವೇಶಕ್ಕೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ, ನೀಟ್. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಇಂದು ಒಟ್ಟು ಹದಿಮೂರು ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಅಚ್ಚಾಗುತ್ತದೆ. ಇದನ್ನು ಪತ್ರಿಕೆಯಲ್ಲಿ ಓದಿ ನಾವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು. ಅಧಿಕೃತ ಕೈಪಿಡಿಯ ಒಳಗಿನ ಪಟ್ಟಿಯನ್ನು ನೋಡಿದವರು ಎಷ್ಟು ಮಂದಿ? ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತೆಲುಗು ಪತ್ರಿಕೆ ಆಂಧ್ರ ಮತ್ತು ತೆಲಂಗಾಣದಲ್ಲಿ ಮಾತ್ರ. ಮರಾಠಿ ಮಹಾರಾಷ್ಟ್ರದಲ್ಲಿ, ಮಲಯಾಳ ಕೇರಳ ಮತ್ತು ಲಕ್ಷದ್ವೀಪದಲ್ಲಿ. ಹೀಗೆ ಒಂದೊಂದು ಭಾಷೆಯನ್ನು ಒಂದೊಂದು ರಾಜ್ಯದ ಗೂಟಕ್ಕೆ ಕಟ್ಟಿಹಾಕಿದ್ದಾರೆ. ಆದೋನಿಯ ಹುಡುಗ ಕರ್ನೂಲಿನ ಕೇಂದ್ರದಲ್ಲಿ ಕೂತರೆ ಅವನ ಮುಂದೆ ಇಂಗ್ಲಿಷ್ ಬರಬಹುದು, ಹಿಂದಿ ಬರಬಹುದು, ತೆಲುಗು ಬರಬಹುದು, ಉರ್ದು ಬರಬಹುದು. ಕನ್ನಡ ಬರದು. ಇದೇ ಪರಿಸ್ಥಿತಿ ಕಾಸರಗೋಡಿನ ಮಗುವಿನದು, ಜತ್ತ ಅಕ್ಕಲಕೋಟೆಗಳ ಮಗುವಿನದು.

ಉರ್ದು ಎಂದೆನಲ್ಲ, ಅಲ್ಲಿ ಒಂದು ನಿಮಿಷ ನಿಲ್ಲಿ. ಉರ್ದು ಪತ್ರಿಕೆ ದೇಶದ ಎಲ್ಲ ಕೇಂದ್ರಗಳಲ್ಲೂ ದೊರೆಯುತ್ತದೆ. ಅದು ನ್ಯಾಯವಾದದ್ದೇ, ಆದೋನಿಯ ಉರ್ದು ಮಕ್ಕಳು ನಮ್ಮ ನೆರೆಮನೆಯವರು, ಅವರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದರಿಂದ ಒಂದು ಮಾತು ಸಿದ್ಧವಾಯಿತು. ಬೇಕೆಂದರೆ ಒಂದು ಭಾಷೆಯ ಪತ್ರಿಕೆಯನ್ನು ಯಾವ ಊರಿಗಾದರೂ ಕಳಿಸಬಹುದು. ಅಚ್ಚಿನ ತೊಂದರೆ, ಸಾಗಣೆಯ ತೊಂದರೆ, ಗೌಪ್ಯತೆಯ ತೊಂದರೆ ಎಂಬ ನೆಪಗಳೆಲ್ಲ ಅಲ್ಲಿಗೆ ಮುಗಿದವು. ಬಳ್ಳಾರಿಗೆ ತಲುಪುವ ಕನ್ನಡ ಪತ್ರಿಕೆಯ ಕಟ್ಟು ಕರ್ನೂಲಿಗೆ ಏಕೆ ತಲುಪದು ಎಂಬುದಕ್ಕೆ ಯಾರಾದರೂ ಒಂದು ಕಾರಣ ಕೊಡಲಿ, ಕೇಳೋಣ.

"ಹಾಗಾದರೆ ಬಳ್ಳಾರಿಗೇ ಹೋಗಿ ಬರೆಯಲಿ, ಆಸ್ಪರಿ ಆಲೂರು ದಾಟಿದರೆ ಬಳ್ಳಾರಿ" ಎನ್ನುವವರಿದ್ದಾರೆ. ಹೋಗಬಹುದು. ಅರ್ಜಿ ತುಂಬುವಾಗ ಕನ್ನಡ ಮಾಧ್ಯಮವನ್ನೂ ಕರ್ನಾಟಕದ ಕೇಂದ್ರವನ್ನೂ ಕೇಳಬೇಕು. ಮಾಧ್ಯಮವನ್ನು ಯೋಚಿಸಿಯೇ ತುಂಬಬೇಕು. ಕೇಂದ್ರದ ಊರನ್ನು ಹಂಚುವ ನಿಯಮವಂತೂ ವರ್ಷಕ್ಕೊಂದು ಬಗೆ ಬದಲಾಗುತ್ತಿದೆ. ಆದ್ದರಿಂದ ಇಂಟರ್ನೆಟ್ ಅಂಗಡಿಯ ಹುಡುಗನಿಗೆ ಎಲ್ಲವನ್ನೂ ಬಿಟ್ಟುಕೊಟ್ಟು ಬರಬೇಡಿ. ಆ ವರ್ಷದ ಕೈಪಿಡಿಯನ್ನು ಶಾಲೆಯ ಮೇಷ್ಟರಿಂದ ಓದಿಸಿಕೊಂಡು, ನೀವೇ ಪಕ್ಕದಲ್ಲಿ ಕೂತು ತುಂಬಿಸಿ. ಆದರೂ ಕೇಳುತ್ತೇನೆ: ಮಿರ್ಚಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವ ಮನೆಯ ಮಗು, ಪರೀಕ್ಷೆಯ ಹಿಂದಿನ ದಿನವೇ ಬೇರೆ ರಾಜ್ಯಕ್ಕೆ ಹೋಗಿ, ಲಾಡ್ಜಿನಲ್ಲಿ ತಂಗಿ, 2025ರಲ್ಲಿ ಇದ್ದಂತೆ 180 ನಿಮಿಷಕ್ಕೆ 180 ಪ್ರಶ್ನೆ ಬರೆಯಬೇಕು, ಕರ್ನೂಲಿನ ಮಗು ಮನೆಯಲ್ಲಿ ಅನ್ನ ಉಂಡು ಹೋಗಿ ಬರೆಯಬೇಕು. ಇದು ಸಮಾನತೆಯೇ?

ಕನ್ನಡ ಅನುವಾದ ಸರಿಯಿರದಿದ್ದರೆ ಏನು ಗತಿ ಎಂಬ ಅಂಜಿಕೆಯೂ ನಿಮ್ಮಲ್ಲಿದೆ. ಅಂಜಿಕೆಗೆ ಕಾರಣವಿದೆ. 2018ರಲ್ಲಿ ತಮಿಳು ಪ್ರಶ್ನೆಪತ್ರಿಕೆಯ 49 ಪ್ರಶ್ನೆಗಳ ಅನುವಾದ ತಪ್ಪೆಂದು ಮದರಾಸು ಹೈಕೋರ್ಟಿನ ಮಧುರೈ ಪೀಠ ಆ ಮಕ್ಕಳಿಗೆ 196 ಅಂಕ ಕೊಡಲು ಹೇಳಿತ್ತು; ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮವೆಂದು ಕೈಪಿಡಿ ಹೇಳುತ್ತದೆ. ಆದರೆ ಪತ್ರಿಕೆ ಎರಡು ಭಾಷೆಯದು ಎಂಬುದನ್ನು ಮರೆಯಬೇಡಿ. ಕನ್ನಡದ ಜೊತೆಗೇ ಇಂಗ್ಲಿಷೂ ಇರುತ್ತದೆ. ಎರಡನ್ನೂ ಹೊಂದಿಸಿ ಓದಬಲ್ಲ ಮಗುವಿಗೆ ಎರಡು ಕಣ್ಣು. ಕರ್ನೂಲಿನಲ್ಲಿ ನಮ್ಮ ಮಗುವಿನ ಒಂದು ಕಣ್ಣನ್ನು ಕಟ್ಟುತ್ತಿದ್ದಾರೆ ಎಂಬುದೇ ನನ್ನ ತಕರಾರು.

ವೈದ್ಯನಾಗಲೇಬೇಕೆಂದೇನೂ ಇಲ್ಲ, ಔಷಧ ವಿಜ್ಞಾನ ಓದಲಿ ಎನ್ನುತ್ತೀರಾ? ಅದಕ್ಕೆ ರಾಜ್ಯದ್ದೇ ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಕನ್ನಡ ಎಲ್ಲಿಯೂ ಇಲ್ಲ, ಬಳ್ಳಾರಿಗೆ ಹೋದರೂ ಇಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸಿ ಕೊಟ್ಟ ಸರಕಾರವೇ ಇದು.

ಇದು ಹೀಗೇಕಾಯಿತು? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಉಳಿದವು. ಮಿಕ್ಕ ಬಳ್ಳಾರಿ ಮೈಸೂರಿಗೆ ಹೋಯಿತು. ಪತ್ತಿಕೊಂಡ ಆಗಲೇ ಕರ್ನೂಲಿನದಾಗಿತ್ತು. ಗೆರೆ ಎಳೆದವರು ಗೆರೆಯ ಈಚೆಗೂ ಆಚೆಗೂ ಬೇರೆ ಮಾತಿನ ಜನ ಉಳಿಯುತ್ತಾರೆಂದು ಬಲ್ಲವರಾಗಿದ್ದರು. ಅದಕ್ಕೇ 1956ರಲ್ಲಿ ಸಂವಿಧಾನಕ್ಕೆ 350 ಎ ಮತ್ತು 350 ಬಿ ವಿಧಿಗಳು ಸೇರಿದವು: ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ, ಮತ್ತು ಭಾಷಾ ಅಲ್ಪಸಂಖ್ಯಾತರ ಅಹವಾಲು ಕೇಳಲು ಒಬ್ಬ ವಿಶೇಷಾಧಿಕಾರಿ. ಬೇರೆ ಬೇರೆ ಒಪ್ಪಂದಗಳಲ್ಲಿ ಲೆಕ್ಕವೂ ನಿಗದಿಯಾಯಿತು. ಪ್ರಾಥಮಿಕದಲ್ಲಿ ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕ. ಪ್ರೌಢ ಹಂತದಲ್ಲಿ ಕೊನೆಯ ನಾಲ್ಕು ತರಗತಿಗಳಿಗೆ 60, ತರಗತಿಗೆ 15.

ಈ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ನೋಡಿ. ಪ್ರೌಢಶಾಲೆಗೆ. ಅದರ ಮುಂದೆ ಇಂಟರ್‌ಮೀಡಿಯೆಟ್, ಪದವಿ, ವೃತ್ತಿ ಶಿಕ್ಷಣಗಳಿಗೆ ಇಂಥ ಯಾವ ಲೆಕ್ಕವೂ ಇಲ್ಲ. ಆ ಕಾಲದಲ್ಲಿ ಹಳ್ಳಿಯ ಮಗು ಹತ್ತು ಮುಗಿಸಿದರೆ ಗುಮಾಸ್ತನೋ ಮೇಷ್ಟರೋ ಆಗುತ್ತಿತ್ತು, ಅಲ್ಲಿಗೆ ಸಾಕೆಂದುಕೊಂಡಿರಬೇಕು. ಇಂದು ಹತ್ತನೆಯ ತರಗತಿ ಬರೀ ಹೊಸ್ತಿಲು. ಹೊಸ್ತಿಲವರೆಗೆ ಕೈ ಹಿಡಿದು ತಂದು, ಬಾಗಿಲು ಹಾಕಿಕೊಂಡ ಹಾಗಾಗಿದೆ.

ಆ ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲಿಡಿ. ಹತ್ತು, ಹದಿನೈದು. ನೀವು ಭಯದಿಂದ ಒಬ್ಬ ಮಗಳನ್ನು ಎತ್ತಿ ಇಂಗ್ಲಿಷ್ ಶಾಲೆಗೆ ಹಾಕಿದಿರಿ, ಪಕ್ಕದ ಮನೆಯವರು ನಿಮ್ಮನ್ನು ನೋಡಿ ಹಾಕಿದರು, ಹದಿನೈದು ಹದಿಮೂರಾಯಿತು. ಮುಂದಿನ ವರ್ಷ ವಿಜ್ಞಾನದ ಮೇಷ್ಟರ ಹುದ್ದೆ ಹೋಗುತ್ತದೆ. ಹುದ್ದೆ ಹೋದ ಮೇಲೆ ಉಳಿದವರೂ "ಅಲ್ಲಿ ವಿಜ್ಞಾನಕ್ಕೆ ಮೇಷ್ಟ್ರೇ ಇಲ್ಲ" ಎಂದು ಹೊರಡುತ್ತಾರೆ. ಶಾಲೆ ಮುಚ್ಚಲು ಯಾರೂ ಆದೇಶ ಹೊರಡಿಸಬೇಕಾಗಿಲ್ಲ. 2019ರ ನವೆಂಬರಿನಲ್ಲಿ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟ ಆಂಧ್ರ ಸರಕಾರದ ಆದೇಶಗಳನ್ನು 2020ರ ಏಪ್ರಿಲ್ 15ರಂದು ಹೈಕೋರ್ಟು ರದ್ದು ಮಾಡಿತು. ಆದೇಶವನ್ನು ರದ್ದು ಮಾಡಬಹುದು. ಪಾಲಕರ ಹೆದರಿಕೆಯನ್ನು ಯಾವ ಕೋರ್ಟು ರದ್ದು ಮಾಡೀತು? ಮಾಧ್ಯಮದ ಆಯ್ಕೆ ಪಾಲಕರದೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿಬಿಟ್ಟಿದೆ. ಆಯ್ಕೆ ನಿಮ್ಮದೇ. ಆದರೆ ಒಂದು ಕಡೆ ಬಾಗಿಲು ತೆರೆದಿಟ್ಟು ಇನ್ನೊಂದು ಕಡೆ ಬೀಗ ಜಡಿದರೆ ಅದನ್ನು ಆಯ್ಕೆ ಎನ್ನುವುದು ಹೇಗೆ?

ಇನ್ನು ಕೆಲವರು ಹತ್ತು ಮುಗಿದ ಕೂಡಲೇ ಮಗುವನ್ನು ಬಳ್ಳಾರಿಗೋ ರಾಯಚೂರಿಗೋ ಪಿ.ಯು.ಸಿ.ಗೆ ಕಳಿಸುತ್ತಾರೆ. ಅವಸರ ಮಾಡಬೇಡಿ. ಸಂವಿಧಾನದ 371 ಡಿ ವಿಧಿಯ ಕೆಳಗೆ 1974ರಲ್ಲಿ ಬಂದ ರಾಷ್ಟ್ರಪತಿ ಆದೇಶದಂತೆ ಇಲ್ಲಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 85 ಸೀಟು ಸ್ಥಳೀಯ ಮಕ್ಕಳಿಗೆ. ಸ್ಥಳೀಯ ಎನ್ನಿಸಿಕೊಳ್ಳಲು ಅರ್ಹತಾ ಪರೀಕ್ಷೆಯ ವರ್ಷವೂ ಸೇರಿದಂತೆ ಸತತ ನಾಲ್ಕು ವರ್ಷ ಈ ಪ್ರದೇಶದಲ್ಲೇ ಓದಿರಬೇಕೆಂಬುದು ಮುಖ್ಯ ಷರತ್ತು. ಕೊನೆಯ ಎರಡು ವರ್ಷ ಗಡಿ ದಾಟಿದ ಮಗುವಿನ ಈ ಹಕ್ಕು ಅಪಾಯಕ್ಕೆ ಸಿಲುಕುತ್ತದೆ. ಕರ್ನಾಟಕದಲ್ಲಾದರೋ, ಅಲ್ಲಿನವನೆನ್ನಿಸಿಕೊಳ್ಳಲು ಸಾಮಾನ್ಯ ನಿಯಮದಂತೆ ಅಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಎರಡು ವರ್ಷ ಓದಿದವನು ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ನಡುವೆ ನಿಲ್ಲುತ್ತಾನೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬೇರೆಯೇ ಅರ್ಹತಾ ಕಲಮುಗಳನ್ನು ಇಟ್ಟಿದೆ. ಬೆಂಗಳೂರಿನಲ್ಲಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಅಲ್ಲಿ ಯಾವ ತಾಲೂಕುಗಳ ಹೆಸರಿದೆ, ಯಾವ ಸೀಟಿಗೆ ಅದು ಅನ್ವಯ ಎಂಬುದನ್ನು ಅಕ್ಷರ ಅಕ್ಷರವಾಗಿ ಓದಿದ ಮೇಲಷ್ಟೇ ಟ್ರಂಕು ಕಟ್ಟಿ. ರಾಜ್ಯೋತ್ಸವದ ದಿನ ನಮ್ಮ ಊರಿಗೆ ಬಂದು ಶಾಲು ಹೊದ್ದುಕೊಂಡು ಹೋಗುವ ಮುಖಂಡರು ಈ ಕಲಮುಗಳ ಬಗ್ಗೆ ಒಂದು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಗೋಡೆಗೆ ಬರುತ್ತೇನೆ. ಹೇಗೋ ಏನೋ ಸೀಟು ಸಿಕ್ಕಿತೆಂದಿಟ್ಟುಕೊಳ್ಳಿ. ಬಿ.ಎಸ್‌ಸಿ. ನರ್ಸಿಂಗಿನ ಮೊದಲ ಸೆಮಿಸ್ಟರಿನಲ್ಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಶುಶ್ರೂಷೆಯ ಮೂಲಪಾಠ, ಜೊತೆಗೆ ಇಂಗ್ಲಿಷ್ ಸಂವಹನ ಎಂಬ ಇನ್ನೊಂದು ವಿಷಯ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಒಂದೇ ಸಲ. ಉಳಿದ ಮೂರೂವರೆ ವರ್ಷ ಓದಿ ಮುಗಿಸುವ ಶಕ್ತಿಯಿದ್ದ ಮಕ್ಕಳೂ ಈ ಆರು ತಿಂಗಳಲ್ಲೇ ಎದೆ ಒಡೆದುಕೊಂಡು ಮನೆಗೆ ಬರುತ್ತಾರೆ.

ನನ್ನ ಬಳಿ ಓದಿದ ಹುಡುಗಿಯೊಬ್ಬಳು ದಸರೆಗೆ ಊರಿಗೆ ಬಂದವಳು ತಿರುಗಿ ಹೋಗುವುದಿಲ್ಲವೆಂದು ಕೂತಳು. ತಂದೆ ನನ್ನನ್ನು ಕರೆಸಿದರು. ಉತ್ತರಪತ್ರಿಕೆ ತೋರಿಸಮ್ಮಾ ಎಂದೆ. ಮೂತ್ರಪಿಂಡದ ನೆಫ್ರಾನಿನ ಚಿತ್ರ. ಪುಸ್ತಕದಲ್ಲೂ ಅಷ್ಟು ಚೆನ್ನಾಗಿರಲಿಲ್ಲ. ಭಾಗಗಳ ಹೆಸರು ಬರೆಯುವ ಗೆರೆಗಳನ್ನು ಎಳೆದಿದ್ದಾಳೆ, ಗೆರೆಯ ತುದಿ ಖಾಲಿ. ಎರಡು ಮೂರು ಕಡೆ ಕನ್ನಡದಲ್ಲಿ ಬರೆದು ಹೊಡೆದು ಹಾಕಿದ್ದಾಳೆ. "ರೀನಲ್ ಅಂದ್ರೆ ಏನಂತ ಯಾರೂ ಹೇಳ್ಲಿಲ್ಲ ಸಾರ್. ಕಿಡ್ನಿ ಅಂದಿದ್ರ ಬರಿತಿದ್ದೆ. ಮೂತ್ರಪಿಂಡ ಅಂದಿದ್ರ ಪೂರ್ತಿ ಪೇಪರ್ ಬರಿತಿದ್ದೆ." ಕಾಲೇಜಿನವರು ಅವಳಿಗೆ ಹೇಳಿದ್ದು ಇಷ್ಟೇ: ಕನ್ನಡ ಮೀಡಿಯಂ ಆದಮೇಲೆ ಇಲ್ಲಿಗೇಕೆ ಬಂದೆ? ಆ ಸಂಜೆ ನಾನು ಮನೆಗೆ ಬಂದು ಊಟ ಮಾಡಲಿಲ್ಲ. ಅವಳಿಗೆ ಆ ಪದವನ್ನು ಹತ್ತನೆಯ ತರಗತಿಯಲ್ಲೇ ಹೇಳಿಕೊಡಬೇಕಿದ್ದವರಲ್ಲಿ ನಾನೂ ಒಬ್ಬ.

ಪಾಲಕರೇ, ರೀನಲ್ ಎಂಬುದು ಇಂಗ್ಲಿಷ್ ಮನೆಮಾತೇ ಅಲ್ಲ, ಲ್ಯಾಟಿನಿನಿಂದ ಬಂದದ್ದು. ನೆಫ್ರಾನ್ ಗ್ರೀಕಿನಿಂದ. ಹೆಪಟೈಟಿಸ್, ಕಾರ್ಡಿಯಾಕ್, ಗ್ಯಾಸ್ಟ್ರೈಟಿಸ್ ಎಲ್ಲವೂ ಗ್ರೀಕಿನ ಮೊಮ್ಮಕ್ಕಳು. ಇಂಗ್ಲಿಷ್ ಶಾಲೆಯ ಮಗುವಿಗೆ ಹಾರ್ಟ್, ಲಿವರ್, ಕಿಡ್ನಿ ಗೊತ್ತು. ಈ ಪದಗಳನ್ನು ಅದೂ ಹೊಸದಾಗಿಯೇ ಕಲಿಯಬೇಕು. ನಮ್ಮ ಮಗು ಒಂದು ಮೆಟ್ಟಿಲು ಹೆಚ್ಚು ಹತ್ತಬೇಕು, ಅಷ್ಟೇ. ಆ ಒಂದು ಮೆಟ್ಟಿಲಿಗೆ ಹೆದರಿ ಹತ್ತು ವರ್ಷದ ತಿಳಿವನ್ನು ಬಲಿಕೊಡುತ್ತಿದ್ದೇವೆ. ಕಾರ್ಡಿ ಎಂದರೆ ಹೃದಯ, ಹೆಪಾಟ್ ಎಂದರೆ ಯಕೃತ್ತು, ನೆಫ್ರ್ ಎಂದರೆ ಮೂತ್ರಪಿಂಡ, ಹೀಮ ಎಂದರೆ ರಕ್ತ, ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ. ಇಂಥ ನೂರಿನ್ನೂರು ಬೇರುಗಳನ್ನು ಹಿಡಿದರೆ ಸಾವಿರಾರು ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ. ಇದನ್ನು ಕಲಿಸಲು ಇಂಗ್ಲಿಷ್ ಮಾಧ್ಯಮ ಬೇಡ, ಬೇಸಿಗೆ ರಜೆಯ ಎರಡು ತಿಂಗಳು ಸಾಕು.

ಇದು ನನ್ನ ಹಗಲುಗನಸಲ್ಲ. ಎಂ.ಬಿ.ಬಿ.ಎಸ್. ಸೇರಿದ ಮಕ್ಕಳಿಗೇ 2019ರಿಂದ ಮೊದಲಲ್ಲಿ ಒಂದು ಬುನಾದಿ ಕೋರ್ಸು ಬಂತು. ಆಗ ನಿಗದಿಯಾದ 175 ಗಂಟೆಗಳಲ್ಲಿ 40 ಗಂಟೆ ಭಾಷೆ ಮತ್ತು ಕಂಪ್ಯೂಟರ್ ಕಲಿಕೆಗೆ. ದೇಶದಲ್ಲೇ ಆಯ್ದ ಬುದ್ಧಿವಂತರಿಗೆ ಭಾಷೆಯ ಊರುಗೋಲು ಬೇಕೆಂದು ಒಪ್ಪಿಕೊಂಡ ಮೇಲೆ, ಹಾಲಹರವಿಯ ನರ್ಸಿಂಗ್ ವಿದ್ಯಾರ್ಥಿನಿಗೆ ಅದೇ 40 ಗಂಟೆ ಕೊಡಲು ಏನಡ್ಡಿ? ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಮೊದಲ ವರ್ಷದ ವೈದ್ಯಕೀಯ ಪುಸ್ತಕಗಳನ್ನು ಹಿಂದಿಯಲ್ಲೇ ತಂದರು. ಅದು ಎಷ್ಟು ಫಲಿಸೀತೋ ಕಾಲ ಹೇಳಬೇಕು. ನನಗೆ ಅದರ ಮೇಲೆ ಅಷ್ಟು ಭರವಸೆಯಿಲ್ಲ, ನಾಳೆ ಬೇರೆ ರಾಜ್ಯದಲ್ಲಿ ಕೆಲಸ ಮಾಡುವ ವೈದ್ಯನಿಗೆ ಇಂಗ್ಲಿಷ್ ಬೇಕೇ ಬೇಕು. ನಾವು ಕೇಳುತ್ತಿರುವುದು ಕನ್ನಡದಲ್ಲಿ ಎಂ.ಬಿ.ಬಿ.ಎಸ್. ಅಲ್ಲ. ಕನ್ನಡದಿಂದ ಅಲ್ಲಿಗೆ ಹೋಗಲು ಒಂದು ಕಾಲುಸಂಕ.

"ಇಷ್ಟೆಲ್ಲ ಯಾಕೆ, ಮಗು ಚಿಕ್ಕಂದಿನಿಂದಲೇ ಇಂಗ್ಲಿಷಿನಲ್ಲಿ ಓದಿದರೆ ಮುಗಿಯಿತಲ್ಲ" ಎನ್ನುವವರು ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಒಂದು ದಿನ ಕೂರಬೇಕು. 1827ರ ಜುಲೈ 6ರಂದು ಮದರಾಸಿನ ಗವರ್ನರ್ ಥಾಮಸ್ ಮನ್ರೋ ಸತ್ತದ್ದು ಇದೇ ಪತ್ತಿಕೊಂಡದಲ್ಲಿ, ಕಾಲರಾದಿಂದ. ಬೆಳಿಗ್ಗೆ ಕಾಣಿಸಿಕೊಂಡ ರೋಗ ರಾತ್ರಿಗೆ ಕೊಂದಿತು. ಇಂದು ಅಂಥ ವಾಂತಿಭೇದಿಗೆ ಮನೆಯಲ್ಲೇ ಮೊದಲ ಚಿಕಿತ್ಸೆಯಿದೆ: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಗವರ್ನರಿಗೂ ಸಿಗದಿದ್ದದ್ದು ಕೂಲಿಯವನ ಮಗುವಿಗೆ ಸಿಗುತ್ತದೆ. ಆದರೆ ಉಪ್ಪಿನ ಅಳತೆಯನ್ನು ಸಕ್ಕರೆಗೂ ಸಕ್ಕರೆಯ ಅಳತೆಯನ್ನು ಉಪ್ಪಿಗೂ ತಿಳಿದುಕೊಂಡ ತಾಯಿಯ ಕೈಯಲ್ಲಿ ಅದೇ ನೀರು ಮಗುವಿಗೆ ವಿಷ. ಆ ತಾಯಿಗೆ ಅವಳ ಮಾತಿನಲ್ಲಿ, ಅವಳ ಮನೆಯ ಚಮಚವನ್ನೇ ತೋರಿಸಿ ಹೇಳುವವರು ಯಾರು? ಕೌತಾಳಂ, ಕೋಸಿಗಿ ಕಡೆಯ ಕನ್ನಡದ ಅಜ್ಜಿ "ಎದಿ ಉರಿ" ಎಂದರೆ ಯಾವುದು, "ಎದಿ ನೋವು" ಎಂದರೆ ಯಾವುದು ಎಂಬುದು ಯಾರಿಗೆ ಗೊತ್ತಾಗಬೇಕು? ಅನುವಾದದ ಯಂತ್ರಕ್ಕೇ? ಗುತ್ತಿಗೆ ಹೋಗುವ ದಾರಿಯಲ್ಲಿ ಎರ್ರಗುಡಿಯ ಬಂಡೆಗಳಿವೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಅಶೋಕ ಕೆತ್ತಿಸಿದ ಎರಡನೆಯ ಶಾಸನ ಅಲ್ಲಿಯೂ ಇದೆ. ಅರಸನು ಅದನ್ನು ಪಂಡಿತರ ಸಂಸ್ಕೃತದಲ್ಲಲ್ಲ, ಪ್ರಾಕೃತದಲ್ಲಿ ಬರೆಸಿದ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ಬುದ್ಧಿ ಇತ್ತು.

ಆದೋನಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಕಾಲೇಜು ಪೂರ್ತಿಯಾದ ದಿನ ಅದರ ಆಸ್ಪತ್ರೆಯ ಹಾಸಿಗೆಗಳ ಮೇಲೆ ಕನ್ನಡ ಮಾತಾಡುವ ನಮ್ಮವರು ಮಲಗಿರುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತವರಲ್ಲಿ ಒಬ್ಬರಾದರೂ ನಮ್ಮ ಮಕ್ಕಳಿರುತ್ತಾರೆಯೇ?

ಮುಂಗಾರಿನ ಮಳೆ ಬಿದ್ದ ಕೂಡಲೇ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಜನ ವಜ್ರ ಹುಡುಕುವುದನ್ನು ನೀವು ನೋಡಿದ್ದೀರಿ. ಸಾವಿರ ಮಂದಿ ಬಗ್ಗಿ ಹುಡುಕಿದರೆ ಒಬ್ಬನಿಗೆ ಸಿಕ್ಕೀತು. ಸಾಲ ಮಾಡಿ ಒಬ್ಬ ಮಗನನ್ನು ದೂರದ ಕೋಚಿಂಗಿಗೆ ಕಳಿಸುವುದೂ ಅಂಥದ್ದೇ. ಅದರ ಬದಲು ಇದ್ದ ಊರಿನಲ್ಲೇ ಎಲ್ಲ ಮಕ್ಕಳಿಗೂ ದಾರಿ ಬಿಡಿಸುವ ಕೆಲಸಕ್ಕೆ ಕೈ ಹಾಕೋಣ. ಕೆಲಸ ದೊಡ್ಡದೇನಲ್ಲ. ಕರ್ನೂಲಿನ ನೀಟ್ ಕೇಂದ್ರಗಳಲ್ಲಿ ಕನ್ನಡ ಪತ್ರಿಕೆ ಬೇಕೆಂದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ಒಂದು ಮನವಿ, ಅದರ ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ರಾಜ್ಯದ ಪ್ರವೇಶ ಪರೀಕ್ಷೆಯ ಪ್ರಶ್ನೆಗಳ ಪಕ್ಕದಲ್ಲಿ ಕನ್ನಡವನ್ನೂ ಕೊಡಿರೆಂದು ರಾಜ್ಯ ಸರಕಾರಕ್ಕೆ ಇನ್ನೊಂದು. ಬೈ.ಪಿ.ಸಿ. ಸೇರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಸಿಗೆಯಲ್ಲಿ ಬುನಾದಿ ತರಗತಿ, ಕೈಯಲ್ಲೊಂದು ಕನ್ನಡ-ಇಂಗ್ಲಿಷ್ ಪದಪುಸ್ತಕ. ಇದರ ಖರ್ಚಿಗೆ 2010ರಿಂದ ಇರುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಬಾಗಿಲು ಬಡಿಯೋಣ. ಕಲಿಸಲು ನನ್ನಂಥ ನಿವೃತ್ತರು ಊರೂರಲ್ಲಿ ಇದ್ದೇವೆ, ಸಂಬಳ ಬೇಡ.

ಮನವಿಯ ಪ್ರತಿಗಳನ್ನು ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಇಟ್ಟಿದ್ದೇವೆ. ಸಹಿ ಮಾಡುವವರು ಮಗುವಿನ ತರಗತಿ ಮತ್ತು ಊರಿನ ಹೆಸರನ್ನು ತಪ್ಪದೆ ಬರೆಯಿರಿ. ಎಷ್ಟು ಮಕ್ಕಳಿದ್ದಾರೆಂಬ ಲೆಕ್ಕವಿಲ್ಲದೆ ಹೋದರೆ ಕಚೇರಿಯಲ್ಲಿ ನಮ್ಮನ್ನು ಕೂರಿಸುವುದೂ ಇಲ್ಲ. ಸಹಿ ಬರದವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ.